ಇಳಿಜಾರಿನ ನಾಡಿನಲ್ಲಿ ಒಂದು ಲೇತ್

ಕೊಡಗಿನಲ್ಲಿ ತಾನಾಗಿಯೇ ಮಟ್ಟವಾಗಿರುವ ನೆಲ ಎಂದರೆ ಗದ್ದೆ ಮಾತ್ರ. ಉಳಿದ ಕಡೆ ಮನೆ ಕಟ್ಟಲಿ, ಕಾಫಿ ಒಣಗಿಸುವ ಕಣ ಮಾಡಲಿ, ಮೊದಲು ಗುಡ್ಡವನ್ನು ಒಂದು ಬದಿಯಲ್ಲಿ ಕಡಿದು ಆ ಮಣ್ಣನ್ನು ಇನ್ನೊಂದು ಬದಿಗೆ ತುಂಬಬೇಕು. ಕಡಿದ ಭಾಗ ಗಟ್ಟಿ, ತುಂಬಿದ ಭಾಗ ಸಡಿಲ. ಮಳೆಗಾಲ ಮುಗಿಯುತ್ತಲೇ ಗೋಡೆಯಲ್ಲಿ ಕಾಣಿಸಿಕೊಳ್ಳುವ ಸಣ್ಣ ಬಿರುಕಿಗೆ ಸಿಮೆಂಟು ಸವರಿ, ಸುಣ್ಣ ಬಳಿದು, ಮುಂದಿನ ಕೆಲಸ ನೋಡುವುದು ಇಲ್ಲಿನವರ ರೂಢಿ. 2018ರ ಆಗಸ್ಟ್‌ನ ಭೂಕುಸಿತಗಳು ಕಳೆದ ಮೇಲೆ ಆ ಬಿರುಕುಗಳನ್ನು ನಾವು ಸ್ವಲ್ಪ ಬೇರೆ ಕಣ್ಣಿನಿಂದ ನೋಡುತ್ತೇವೆ, ನಿಜ. ಆದರೂ ಮನೆಯ ಗೋಡೆ ಒಂದೆರಡು ಮಿಲಿಮೀಟರ್ ಜಗ್ಗಿದರೆ ಯಾರ ಊಟವೂ ನಿಲ್ಲುವುದಿಲ್ಲ. ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರವಾದ ಲೇತ್‌ನ ವಿಷಯ ಹಾಗಲ್ಲ. ಅದರ ಕಾಲಿನ ಕೆಳಗೆ ನೆಲ ಒಂದು ಮಿಲಿಮೀಟರ್‌ನ ಹತ್ತನೆಯ ಒಂದು ಭಾಗ ಜಗ್ಗಿದರೂ ಅದು ಕಡೆದುಕೊಟ್ಟ ರಾಡಿನಲ್ಲಿ ಆ ಜಗ್ಗಾಟ ಅಳತೆಗೆ ಸಿಗುತ್ತದೆ.

ತೋಟದ ಮನೆಯಲ್ಲಿ ಲೇತ್ ಯಾಕೆ ಎಂದು ಕೇಳಿದವರೇ ಹೆಚ್ಚು. ನಮ್ಮದು ಗೋಣಿಕೊಪ್ಪಕ್ಕೂ ಅಮ್ಮತ್ತಿಗೂ ನಡುವಿನ ತೋಟ. ರೊಬಸ್ಟಾ ಹೆಚ್ಚು, ಅದನ್ನು ಚೆರ್ರಿಯಾಗಿಯೇ ಒಣಗಿಸುತ್ತೇವೆ. ಒಂದಿಷ್ಟು ಅರೇಬಿಕಾ ಇದೆ, ಅದರ ಹಣ್ಣಿನ ಸಿಪ್ಪೆ ಸುಲಿಯಲು ಒಂದು ಹಳೆಯ ಪಲ್ಪರ್ ಇದೆ. ಅರೇಬಿಕಾ ಹಣ್ಣು ಕೊಯ್ದ ದಿನವೇ ಪಲ್ಪ್ ಆಗಬೇಕು, ಮರುದಿನಕ್ಕೆ ಇಟ್ಟರೆ ಮೂಟೆಯೊಳಗೇ ಬಿಸಿಯೇರಿ ಹುಳಿಯಲು ತೊಡಗುತ್ತದೆ. ಪಲ್ಪರ್‌ನ ಬುಷ್, ಅಂದರೆ ಶಾಫ್ಟ್ ತಿರುಗುವ ಲೋಹದ ಬಳೆ, ಸವೆಯುವುದೂ ಸರಿಯಾಗಿ ಆಗಲೇ. ಪೇಟೆಯಲ್ಲಿ ಲೇತ್ ಅಂಗಡಿ ಇಲ್ಲವೆಂದಲ್ಲ. ಕೊಯ್ಲಿನ ಕಾಲದಲ್ಲಿ ಜಿಲ್ಲೆಯ ಎಲ್ಲ ಪಲ್ಪರ್, ಎಲ್ಲ ಪಂಪು, ಎಲ್ಲ ಕಳೆ ಕತ್ತರಿಸುವ ಯಂತ್ರ ಅವರ ಬಾಗಿಲಲ್ಲೇ ಸಾಲಾಗಿ ಮಲಗಿರುತ್ತವೆ. ಇನ್ನೂರು ರೂಪಾಯಿಯ ಬುಷ್‌ಗೆ ಎರಡು ದಿನ ಕಾಯಬೇಕು, ಹಣ್ಣು ಕಾಯುವುದಿಲ್ಲ. ಲೆಕ್ಕ ಹೇಳುವಾಗ ಇಷ್ಟನ್ನೇ ಹೇಳುತ್ತೇನೆ. ಕಬ್ಬಿಣ ಸುರುಳಿ ಸುರುಳಿಯಾಗಿ ಬಿಡಿಸಿಕೊಂಡು ಬರುವುದನ್ನು ನೋಡುವ ಆಸೆ ಹುಡುಗನಾಗಿದ್ದಾಗಿನಿಂದ ಇತ್ತು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಳೆಯದೋ ಹೊಸದೋ ಎಂಬ ಚರ್ಚೆ ಬಹಳ ದಿನ ನಡೆಯಿತು. ಕರ್ನಾಟಕದವರಿಗೆ ಈ ವಿಷಯದಲ್ಲಿ ಹಳೆಯದರ ಮೋಹ ಸಹಜ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಊರೂರಿನ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿಯನ್ನು ಜನ ಕೈಗಡಿಯಾರದಿಂದ ನೆನೆಯುತ್ತಾರೆ, ಆದರೆ ಗಡಿಯಾರಕ್ಕಿಂತ ಮುಂಚೆ ಅದು ಮಾಡಿದ್ದು ಲೇತ್. ಅವುಗಳ ಬೆಡ್‌ನಲ್ಲಿ, ಅಂದರೆ ಉಳಿದ ಭಾಗಗಳನ್ನೆಲ್ಲ ಹೊರುವ ಉದ್ದನೆಯ ತಳದಲ್ಲಿ, ಸುರಿದಿರುವ ಬೀಡು ಕಬ್ಬಿಣದ ಧಾರಾಳತನ ಇವತ್ತಿನ ಅಗ್ಗದ ಯಂತ್ರಗಳಲ್ಲಿ ಇಲ್ಲ. ಆದರೆ ಆ ಧಾರಾಳತನವೇ ನಮಗೆ ತೊಡಕು. ಟನ್‌ಗಟ್ಟಲೆ ತೂಗುವ ಯಂತ್ರ ನಮ್ಮ ತೋಟದ ಕೊನೆಯ ತಿರುವು ಇಳಿಯಲಾರದು. ಹಾಗಾಗಿ ರಾಜಕೋಟ್‌ನಿಂದ ಹೊಸದೊಂದು ನಾಲ್ಕೂವರೆ ಅಡಿಯ ಲೇತ್ ತರಿಸಿದ್ದಾಯಿತು. ಸುಮಾರು ಅರ್ಧ ಟನ್. ಜಿಲ್ಲೆಗೆ ರೈಲಿಲ್ಲದ ಕಾರಣ ಮೈಸೂರಿನವರೆಗೆ ಲಾರಿ, ಅಲ್ಲಿಂದ ಹುಣಸೂರು, ತಿತಿಮತಿ ದಾರಿಯಲ್ಲಿ ಪಿಕಪ್.

ಇಳಿಸುವ ಕೆಲಸಕ್ಕೆ ಕ್ರೇನ್ ಬರುವ ಪ್ರಶ್ನೆಯೇ ಇರಲಿಲ್ಲ. ತೋಟಗಳಲ್ಲಿ ಮರದ ದಿಮ್ಮಿ ಲೋಡ್ ಮಾಡುವವರನ್ನು ಕರೆದೆ. ಭಾರ ಎಲ್ಲಿದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲೇತ್ ನೋಡಲು ಉದ್ದಕ್ಕೆ ಒಂದೇ ಸಮ ಕಂಡರೂ ಅದರ ತೂಕವೆಲ್ಲ ತುಂಡನ್ನು ಹಿಡಿದು ತಿರುಗಿಸುವ ಎಡತುದಿಯ ಹೆಡ್‌ಸ್ಟಾಕ್‌ನ ಬದಿಯಲ್ಲಿ, ಅದೂ ಮೇಲ್ಭಾಗದಲ್ಲಿ ಇರುತ್ತದೆ. ನಡುವಿಗೆ ಹಗ್ಗ ಕಟ್ಟಿ ಎತ್ತಿದರೆ ಆ ತುದಿ ಕೆಳಗೆ ಕುಸಿಯುತ್ತದೆ, ಅಡ್ಡಕ್ಕೆ ವಾಲಿದರೆ ಹಿಡಿಯಲು ಯಾರಿಂದಲೂ ಆಗದು. ಕತ್ತರಿಸುವ ಟೂಲನ್ನು ಹೊತ್ತು ಬೆಡ್‌ನ ಮೇಲೆ ಓಡಾಡುವ ಕ್ಯಾರೇಜನ್ನೂ, ಉದ್ದದ ತುಂಡಿಗೆ ಆಚೆ ತುದಿಯಲ್ಲಿ ಆಸರೆ ಕೊಡುವ ಟೇಲ್‌ಸ್ಟಾಕನ್ನೂ ಬಲತುದಿಗೆ ತಳ್ಳಿ ಬಿಗಿ ಮಾಡಿ ಅವರು ತೂಕ ಸರಿದೂಗಿಸಿಕೊಂಡರು. ಎರಡು ದಪ್ಪ ಹಲಗೆ, ನಾಲ್ಕು ತುಂಡು ಜಿಐ ಪೈಪು, ಎರಡು ಹಾರೆ, ಮಾಡಿನ ತೊಲೆಗೆ ಕಟ್ಟಿದ ಒಂದು ಚೈನ್ ಪುಲ್ಲಿ. ಕ್ಯಾರೇಜನ್ನು ಸರಿಸುವ ಉದ್ದನೆಯ ತಿರುಪಾದ ಲೀಡ್ ಸ್ಕ್ರೂಗೆ ಹಗ್ಗ ತಾಗಬಾರದು ಎಂದಷ್ಟೇ ನಾನು ಹೇಳಿದ್ದು. ಅವರ ಪೈಕಿ ಹಿರಿಯರೊಬ್ಬರು, "ದಿಮ್ಮಿಯಾದರೆ ಸಿಪ್ಪೆ ಹೋದರೂ ನಡೆಯುತ್ತದೆ, ಇದಕ್ಕೆ ಸಿಪ್ಪೆಯೇ ಬೆಲೆ ಅಲ್ಲವೇ ಸಾರ್" ಎಂದು ನಕ್ಕರು. ಬೆಡ್‌ನ ಉಜ್ಜಿದ ಮೇಲ್ಮೈಯನ್ನು ಅಷ್ಟು ಚೆನ್ನಾಗಿ ಯಾರೂ ವರ್ಣಿಸಲಾರರು.

ಆ ಹೊತ್ತಿಗೆ ತಳಪಾಯ ಸಿದ್ಧವಿತ್ತು. ಕಣದ ಪಕ್ಕದ ಹಳೆಯ ಶೆಡ್ಡಿನಲ್ಲಿ ಜಾಗ ಆರಿಸುವಾಗ ಬೆಳಕು, ಬಾಗಿಲು ಯಾವುದನ್ನೂ ನೋಡದೆ ಗುಡ್ಡ ಕಡಿದ ಬದಿ ಯಾವುದು ಎಂಬುದನ್ನು ಮಾತ್ರ ನೋಡಿದ್ದೆ. ತುಂಬಿದ ಮಣ್ಣಿನ ಮೇಲೆ ಎಷ್ಟು ಕಾಂಕ್ರೀಟ್ ಹಾಕಿದರೂ ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಒಣಗುವ ಮಣ್ಣು ಅದನ್ನು ಹೊತ್ತುಕೊಂಡೇ ಆಡುತ್ತದೆ. ಕಡಿದ ಬದಿಯಲ್ಲಿ ಹಳೆಯ ನೆಲ ಒಡೆದು, ಗಟ್ಟಿ ಕೆಂಪು ಮಣ್ಣು ಸಿಗುವವರೆಗೆ ಅಗೆದು, ಕಂಬಿ ಕಟ್ಟಿ ಒಂದಡಿ ದಪ್ಪದ ಕಾಂಕ್ರೀಟ್ ಹಾಸು ಹಾಕಿಸಿದೆ. ಸುತ್ತಲೂ ಥರ್ಮೊಕೋಲ್ ಇಟ್ಟು ಗೋಡೆಗೂ ಉಳಿದ ನೆಲಕ್ಕೂ ಅದು ತಾಗದಂತೆ ಬಿಡಿಸಿದ್ದೂ ಆಯಿತು. ಗೋಡೆ ಜಗ್ಗಿದರೆ ಅದರ ಪಾಡಿಗೆ ಜಗ್ಗಲಿ. ಮೇಸ್ತ್ರಿ ಕಂಬಿಯ ಲೆಕ್ಕ ಕೇಳಿ, "ಇಲ್ಲಿ ಆನೆ ಕಟ್ಟುತ್ತೀರಾ ಸಾರ್?" ಎಂದರು. ಹಲಸಿನ ಕಾಲದಲ್ಲಿ ಕಟ್ಟದೆಯೇ ಬಂದು ನಿಲ್ಲುವ ಊರಿನಲ್ಲಿ ಆ ಪ್ರಶ್ನೆ ಅಷ್ಟೇನೂ ತಮಾಷೆಯದಲ್ಲ. ಕಾಂಕ್ರೀಟ್ ಪೂರ್ತಿ ಬಲಕ್ಕೆ ಬರಲು 28 ದಿನ ಎಂಬುದು ಎಲ್ಲರೂ ಬಲ್ಲ ಲೆಕ್ಕ. ಅದರ ನಂತರವೂ ಒಣಗುತ್ತ ಒಣಗುತ್ತ ಅದು ತಿಂಗಳುಗಟ್ಟಲೆ ಕುಗ್ಗುತ್ತಿರುತ್ತದೆ ಎಂಬುದನ್ನು ಲೇತ್ ಕೂರಿಸುವವರು ಮಾತ್ರ ತಲೆಗೆ ಹಚ್ಚಿಕೊಳ್ಳುತ್ತಾರೆ.

ಹೊಸ ಯಂತ್ರ ಎಂದರೆ ಸ್ವಿಚ್ ಒತ್ತಿದರೆ ಸಾಕು ಎಂದುಕೊಳ್ಳುವವರಿಗೆ ನನ್ನದೊಂದು ತಕರಾರಿದೆ. ಈ ಬೆಲೆಯಲ್ಲಿ ಬರುವ ಹೊಸ ಲೇತ್ ಒಂದು ಅರೆಬೆಂದ ವಸ್ತು, ಉಳಿದರ್ಧವನ್ನು ಕೊಂಡವನೇ ಬೇಯಿಸಬೇಕು. ತುಕ್ಕು ಹಿಡಿಯದಿರಲೆಂದು ಬಳಿದ ಕಂದು ಬಣ್ಣದ ಅಂಟು ಗ್ರೀಸನ್ನು ಡೀಸೆಲ್‌ನಿಂದ, ಕಾಟನ್ ವೇಸ್ಟ್‌ನಿಂದ ಒರೆಸಿ ತೆಗೆಯುವುದು ಮೊದಲ ಕೆಲಸ. ಅದನ್ನು ಒರೆಸದೆ ಕ್ಯಾರೇಜ್ ಸರಿಸಿದರೆ ಗ್ರೀಸಿಗೆ ಅಂಟಿಕೊಂಡ ದಾರಿಯ ಧೂಳೆಲ್ಲ ಬೆಡ್‌ಗೂ ಕ್ಯಾರೇಜಿಗೂ ನಡುವೆ ಸಾಣೆಯಂತೆ ಉಜ್ಜುತ್ತದೆ. ಹೆಡ್‌ಸ್ಟಾಕ್‌ನ ಎಣ್ಣೆ ಇಳಿಸಿ ನೋಡಿದಾಗ ತಳದಲ್ಲಿ ಎರಕದ ಮರಳು, ಬಣ್ಣದ ಚಕ್ಕೆ. ತೊಳೆದು ಹೊಸ 68ನೇ ನಂಬರಿನ ಎಣ್ಣೆ ತುಂಬಿದೆ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನ ಗಿಬ್, ಅಂದರೆ ಅದರ ಸಡಿಲ ತೆಗೆಯುವ ಪಟ್ಟಿ, ಬಿಚ್ಚಿ, ಅದರ ಅಂಚಿನ ಮುಳ್ಳುಗಳನ್ನು ಎಣ್ಣೆಕಲ್ಲಿನಲ್ಲಿ ಉಜ್ಜಿ, ಮತ್ತೆ ಹಾಕಿ ಬಿಗಿ ಹೊಂದಿಸಿದ ಮೇಲೆ ಹ್ಯಾಂಡಲ್ ತಿರುಗುವ ರೀತಿಯೇ ಬದಲಾಯಿತು. ಅಂದವಾಗಿ ಬಣ್ಣ ಹೊಡೆದು ಕಳಿಸಿದ್ದರು, ಅದಕ್ಕೆ ಮಾತ್ರ ನಾನೇನೂ ಮಾಡಬೇಕಾಗಲಿಲ್ಲ.

ಇನ್ನು ಮಟ್ಟದ ವಿಷಯ. ಇಲ್ಲಿಗೆ ಬರಬೇಕೆಂದೇ ಇಷ್ಟು ಹೊತ್ತು ಸುತ್ತಾಡಿದೆ.

ನಮ್ಮ ತೋಟದಾಚೆ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಸೇನೆಯ ಇಎಂಇ ವಿಭಾಗದಲ್ಲಿ, ಅಂದರೆ ಬಂದೂಕಿನಿಂದ ಟ್ಯಾಂಕಿನವರೆಗೆ ಎಲ್ಲವನ್ನೂ ರಿಪೇರಿ ಮಾಡುವ ವಿಭಾಗದಲ್ಲಿ, ಸೇವೆ ಮುಗಿಸಿ ಬಂದವರು. ಊರಿನವರಂತೆ ನಾನೂ ಅವರನ್ನು ಮಾವ ಎನ್ನುತ್ತೇನೆ. ಮೈಸೂರಿನ ಪರಿಚಿತರೊಬ್ಬರಿಂದ ಒಂದು ಸೂಕ್ಷ್ಮ ಲೆವೆಲ್ ಎರವಲು ತಂದಿದ್ದೆ. ಮೀಟರ್ ದೂರಕ್ಕೆ 0.02 ಮಿ.ಮೀ. ಏರುಪೇರಾದರೂ ಅದರ ಗುಳ್ಳೆ ಒಂದು ಗೆರೆ ಸರಿಯುತ್ತದೆ. ಗಾರೆಯವರ ರಸಮಟ್ಟ ಇದರ ಮುಂದೆ ಕುರುಡು. ಬೆಡ್‌ನ ಮೇಲೆ ಅದನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಲೆವೆಲಿಂಗ್ ಬೋಲ್ಟ್ ತಿರುವಿ ತಿರುವಿ, ಗುಳ್ಳೆಯನ್ನು ಮಧ್ಯಕ್ಕೆ ತರುವುದರಲ್ಲಿ ಮುಳುಗಿದ್ದೆ. ಮಾವ ಬಂದು ಸ್ವಲ್ಪ ಹೊತ್ತು ನೋಡಿದರು.

"ಹಡಗಿನಲ್ಲಿ ಲೇತ್ ಇರುತ್ತದೆಯೋ ಇಲ್ಲವೋ?"

"ಇರುತ್ತದೆ ಮಾವ."

"ಸಮುದ್ರ ಮಟ್ಟವಾಗಿರುತ್ತದೆಯೇ? ನಮ್ಮ ಮೊಬೈಲ್ ವರ್ಕ್‌ಶಾಪ್‌ನಲ್ಲಿ ಲಾರಿಯ ಮೇಲೆಯೇ ಲೇತ್ ಇತ್ತು. ಲಾರಿ ಎಲ್ಲಿ ನಿಂತಿತೋ ಅಲ್ಲೇ ಕೆಲಸ. ನೀನು ಗುಳ್ಳೆಯನ್ನು ಮಧ್ಯಕ್ಕೆ ತರಬೇಡ. ಈ ತುದಿಯಲ್ಲಿ ಗುಳ್ಳೆ ಎಲ್ಲಿದೆಯೋ ಆ ತುದಿಯಲ್ಲೂ ಅಲ್ಲೇ ಇರುವ ಹಾಗೆ ಮಾಡು."

ಲೇತ್ ಕೂರಿಸುವ ಶಾಸ್ತ್ರದ ತಿರುಳು ಇದೇ. ಯಂತ್ರಕ್ಕೆ ಭೂಮಿಯ ಮಟ್ಟದ ಹಂಗಿಲ್ಲ. ಗೇರ್ ಬಾಕ್ಸಿನ ಎಣ್ಣೆ ಒಂದು ಕಡೆ ಸೇರದಷ್ಟು, ಕೂಲೆಂಟ್ ನೀರು ಸರಿಯಾದ ತೂತಿಗೆ ಹರಿಯುವಷ್ಟು ಮಟ್ಟವಿದ್ದರೆ ಸಾಕು. ಅದಕ್ಕೆ ಬೇಕಾದದ್ದು ತನ್ನ ಮೈ ತಿರುಚಿಕೊಳ್ಳದಿರುವುದು. ಒಂದು ಕಾಲು ಗುಂಡಿಯಲ್ಲಿ ಬಿದ್ದ ಹಗ್ಗದ ಮಂಚವನ್ನು ನೋಡಿ: ಮಲಗಿದವರ ಭಾರಕ್ಕೆ ಆ ಕಾಲೂ ಗುಂಡಿಗೆ ತಾಗುತ್ತದೆ, ಮಂಚ ಅಲುಗಾಡುವುದಿಲ್ಲ, ಆದರೆ ಚೌಕಟ್ಟು ಸೊಟ್ಟಗಾಗಿರುತ್ತದೆ. ಬೀಡು ಕಬ್ಬಿಣದ ಬೆಡ್ ಎಷ್ಟೇ ದಪ್ಪವಿರಲಿ, ಬೋಲ್ಟ್ ಬಿಗಿದು ಅಸಮ ನೆಲಕ್ಕೆ ಎಳೆದರೆ ಅದೂ ಹೀಗೆಯೇ ಸೊಟ್ಟಗಾಗುತ್ತದೆ. ಆಗ ಹೆಡ್‌ಸ್ಟಾಕ್‌ನ ಬಳಿ ಟೂಲ್‌ನ ಮೊನೆ, ತುಂಡನ್ನು ತಿರುಗಿಸುವ ಸ್ಪಿಂಡಲ್‌ನ ಅಕ್ಷದಿಂದ ಇರುವ ದೂರ ಬೇರೆ, ಟೇಲ್‌ಸ್ಟಾಕ್‌ನ ಬಳಿ ಇರುವ ದೂರ ಬೇರೆ. ದುಂಡಗೆ ಕಡೆಯಲು ಹೊರಟರೆ ಕಡ್ಡಿ ಒಂದು ತುದಿಗೆ ದಪ್ಪವಾಗಿ ಹೊರಬರುತ್ತದೆ. ಸೂಕ್ಷ್ಮ ಲೆವೆಲ್ ಇಲ್ಲಿ ಹೋಲಿಸಿ ನೋಡುವ ಸಾಧನ ಮಾತ್ರ: ಎರಡು ತುದಿಯಲ್ಲೂ ಒಂದೇ ಮಾತು ಹೇಳಬೇಕು, ಆ ಮಾತು ಏನಾದರೂ ಆಗಿರಲಿ.

ಲೆವೆಲ್ ಹಿಂತಿರುಗಿಸಿದ ಮೇಲೂ ನಡೆಯುವ ಪರೀಕ್ಷೆಯೊಂದಿದೆ. ಅದನ್ನೇ ನಾನು ಈಗ ಹೆಚ್ಚು ನಂಬುತ್ತೇನೆ. 40 ಮಿ.ಮೀ. ದಪ್ಪದ ಒಂದು ಮೆದು ಉಕ್ಕಿನ (ಎಂ.ಎಸ್.) ರಾಡನ್ನು ಸ್ಪಿಂಡಲ್‌ನ ಹಿಡಿಕೆಯಾದ ಚಕ್‌ನಲ್ಲಿ ಹಿಡಿದು, 200 ಮಿ.ಮೀ.ನಷ್ಟು ಹೊರಗೆ ಚಾಚಿ, ಟೇಲ್‌ಸ್ಟಾಕ್‌ನ ಆಸರೆ ಕೊಡದೆ, ನಡುಭಾಗವನ್ನು ಸಪೂರ ಮಾಡಿ ಎರಡು ತುದಿಯಲ್ಲಿ ಎರಡು ಬಳೆಗಳಷ್ಟು ಮಾತ್ರ ದಪ್ಪ ಉಳಿಸಬೇಕು. ನಂತರ ಕ್ರಾಸ್ ಸ್ಲೈಡ್ ಮುಟ್ಟದೆ ಒಂದೇ ಓಟದಲ್ಲಿ ಎರಡೂ ಬಳೆಗಳ ಮೇಲೆ ತೀರಾ ತೆಳುವಾದ ಕಟ್. ಮೈಕ್ರೋಮೀಟರ್‌ನಲ್ಲಿ ಎರಡರ ವ್ಯಾಸ ಅಳೆದು ನೋಡಿದರೆ ಬೆಡ್‌ನ ಗುಟ್ಟು ರಟ್ಟು. ಹೊರತುದಿಯ ಬಳೆ ದಪ್ಪವಿದ್ದರೆ ಟೂಲ್ ಅಲ್ಲಿ ಅಕ್ಷದಿಂದ ದೂರ ಸರಿದಿದೆ ಎಂದರ್ಥ. ಟೇಲ್‌ಸ್ಟಾಕ್ ಬದಿಯ ಮುಂಗಾಲನ್ನು ಕೂದಲಿನಷ್ಟು ಎತ್ತಬೇಕು, ಬೆಡ್ ಹಿಂದಕ್ಕೆ ವಾಲಿ ಟೂಲನ್ನು ಅಕ್ಷದ ಕಡೆಗೆ ತಳ್ಳುತ್ತದೆ. ಸಪೂರವಿದ್ದರೆ ಆ ಕಾಲನ್ನೇ ಇಳಿಸಬೇಕು. ನನ್ನದು ಮೊದಲು 0.06 ಮಿ.ಮೀ. ದಪ್ಪ ತೋರಿಸಿತು. ಬೋಲ್ಟ್‌ನ ತಲೆ ಅಲುಗಿತೋ ಇಲ್ಲವೋ ಎಂಬಷ್ಟು ತಿರುವಿದಾಗ ಅಂತರ 0.02ಕ್ಕೆ ಇಳಿಯಿತು.

ಈ ಪರೀಕ್ಷೆಯಲ್ಲಿ ದಾರಿ ತಪ್ಪಿಸುವ ಸಂಗತಿಗಳೂ ಇವೆ. ಟೂಲ್ ಮೊಂಡಾಗಿದ್ದರೆ ಅದು ರಾಡನ್ನು ಕತ್ತರಿಸುವ ಬದಲು ಆಚೆ ತಳ್ಳುತ್ತದೆ. ಆಸರೆಯಿಲ್ಲದ ಹೊರತುದಿ ಬಾಗಿ, ಅಲ್ಲಿ ವ್ಯಾಸ ಹೆಚ್ಚಾಗಿ ಉಳಿಯುತ್ತದೆ. ಬೆಡ್ ನೆಟ್ಟಗಿದ್ದರೂ ಸೊಟ್ಟಗಿದೆ ಎಂದು ಬೋಲ್ಟ್ ತಿರುವುತ್ತ ಕೂರಬೇಕಾಗುತ್ತದೆ. ಹಾಗಾಗಿ ಈ ಕೆಲಸಕ್ಕೆ ಕಾರ್ಬೈಡ್ ತುದಿಗಿಂತ ಚೆನ್ನಾಗಿ ಸಾಣೆ ಹಿಡಿದ ಹೈ ಸ್ಪೀಡ್ ಸ್ಟೀಲಿನ (ಎಚ್‌ಎಸ್‌ಎಸ್) ಟೂಲೇ ಸರಿ. ಎರಡನೆಯದು ಬಿಸಿ. ಯಂತ್ರ ಅರ್ಧ ಗಂಟೆ ತಿರುಗಿ ಬೇರಿಂಗ್ ಬೆಚ್ಚಗಾದ ಮೇಲೆ ಸ್ಪಿಂಡಲ್ ತನ್ನ ನಿಜವಾದ ಸ್ಥಾನಕ್ಕೆ ಬರುತ್ತದೆ. ಒಂದು ಮೀಟರ್ ಉದ್ದದ ಬೀಡು 10 ಡಿಗ್ರಿ ಬಿಸಿಯಾದರೆ ಸುಮಾರು 0.1 ಮಿ.ಮೀ. ಹಿಗ್ಗುತ್ತದೆ. ಡಿಸೆಂಬರ್‌ನ ಮುಂಜಾನೆ ಹೆಂಚಿನ ಮಾಡಿನ ಶೆಡ್ಡಿನಲ್ಲಿ ಅಳೆದದ್ದಕ್ಕೂ ಮಧ್ಯಾಹ್ನ ಅಳೆದದ್ದಕ್ಕೂ ತಾಳೆಯಾಗದಿದ್ದರೆ ಮೈಕ್ರೋಮೀಟರನ್ನು ಬೈಯಬಾರದು.

ಅಷ್ಟಕ್ಕೂ 0.02 ಸಾಕೇ? ಪಲ್ಪರ್ ಬುಷ್‌ಗೆ ಅದು ಧಾರಾಳವಾಗಿ ಸಾಕು. ಅಂತರ್ಜಾಲದಲ್ಲಿ ಮಿಲಿಮೀಟರ್‌ನ ಸಾವಿರದ ಒಂದು ಭಾಗಕ್ಕಾಗಿ ತಿಂಗಳುಗಟ್ಟಲೆ ಬೋಲ್ಟ್ ತಿರುವುವವರನ್ನು ಕಂಡಿದ್ದೇನೆ. ಅವರ ಬಗ್ಗೆ ಗೌರವವಿದೆ, ಅವರ ತೋಟದಲ್ಲಿ ಹಣ್ಣು ಕೊಯ್ಯುವವರು ಬೇರೆ ಇರಬೇಕು ಎಂಬ ಅನುಮಾನವೂ ಇದೆ. ಆದರೆ ಮಳೆಗಾಲ ಕಳೆದ ಮೇಲೆ ಅದೇ ರಾಡನ್ನು ಹಿಡಿದು ಮತ್ತೆ ಪರೀಕ್ಷಿಸಿದಾಗ ಅಂತರ ಬದಲಾಗಿತ್ತು. ಹಾಸು ಒಣಗಿ ಕುಗ್ಗಿದ್ದಕ್ಕೋ, ಕೆಳಗಿನ ಮಣ್ಣು ನೀರು ಕುಡಿದದ್ದಕ್ಕೋ, ಎರಡಕ್ಕೂ ಇರಬಹುದು. ಮತ್ತೆ ಸರಿಪಡಿಸಿದೆ. ಆ ರಾಡ್ ಈಗ ಶೆಡ್ಡಿನ ಗೋಡೆಯಲ್ಲಿ ಎಣ್ಣೆ ಸವರಿದ ಬಟ್ಟೆಯೊಳಗೆ ನೇತಾಡುತ್ತಿದೆ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಅದನ್ನು ಇಳಿಸಬೇಕು. ಬೋಲ್ಟ್‌ಗಳನ್ನು ಗ್ರೌಟ್ ಹಾಕಿ ಮುಚ್ಚಿಬಿಡಿ ಎಂದವರ ಮಾತನ್ನು ಕೇಳದಿದ್ದುದಕ್ಕೆ ನನಗೆ ಸಂತೋಷವಿದೆ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಮನೆಗಿರುವುದು ಸಿಂಗಲ್ ಫೇಸ್, ಲೇತ್‌ನ ಮೋಟಾರು ಥ್ರೀ ಫೇಸ್. ನಡುವೆ ಒಂದು ವಿಎಫ್‌ಡಿ, ಅಂದರೆ ಸಿಂಗಲ್ ಫೇಸನ್ನು ಥ್ರೀ ಫೇಸ್ ಮಾಡಿಕೊಡುವ ಪೆಟ್ಟಿಗೆ, ಹಾಕಿ, ಮೋಟಾರಿನ ಸ್ಟಾರ್ ಸಂಪರ್ಕವನ್ನು ಡೆಲ್ಟಾಕ್ಕೆ ಬದಲಾಯಿಸಿದರೆ 230 ವೋಲ್ಟಿನಲ್ಲೇ ಓಡುತ್ತದೆ, ವೇಗವನ್ನೂ ಬೇಕಾದಂತೆ ಹೊಂದಿಸಬಹುದು. ಮೋಟಾರಿನ ಫಲಕದಲ್ಲಿ ಎರಡೂ ವೋಲ್ಟೇಜ್ ಬರೆದಿರಬೇಕು, ಆರು ತಂತಿ ಹೊರಬಂದಿರಬೇಕು, ಅಷ್ಟೇ. ಸಂಜೆ ವೋಲ್ಟೇಜ್ ಕುಸಿದಾಗ ಅದು ತಾನೇ ನಿಂತುಬಿಡುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಿಡುವುದು ಟಿವಿಯಷ್ಟೇ ಇದಕ್ಕೂ ಅನ್ವಯ. ಚಕ್‌ನಲ್ಲಿ ಕೀ ಬಿಟ್ಟು ಸ್ವಿಚ್ ಒತ್ತಬಾರದು, ಕೈಗವಸು ಹಾಕಬಾರದು, ಪಂಚೆ ಉಟ್ಟು ಹತ್ತಿರ ಬರಬಾರದು. ಈ ಮೂರನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ.

ತುಕ್ಕಿನ ವಿಷಯ ಮಾತ್ರ ಬೇಗ ಮುಗಿಯುವುದಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಕುಶಾಲನಗರದ ಕಡೆ ಅದರ ಅರ್ಧವೂ ಇಲ್ಲ, ನಾವು ನಡುವಿನವರು. ಕಬ್ಬಿಣಕ್ಕೆ ಮಳೆಯೇ ಬೀಳಬೇಕೆಂದಿಲ್ಲ, ಗಾಳಿಯ ತೇವ ಸಾಕು. ಜುಲೈಯ ಜಡಿಮಳೆಗಿಂತ ಮಳೆ ಬಿಟ್ಟ ಬಿಸಿಲಿನ ಬೆಳಗುಗಳು ಹೆಚ್ಚು ಅಪಾಯಕಾರಿ. ಮಳೆಯ ದಿನಗಳಲ್ಲಿ ಹಗಲೂ ರಾತ್ರಿಯೂ ಒಂದೇ ತಂಪು. ಅಕ್ಟೋಬರ್‌ನಲ್ಲಿ ರಾತ್ರಿಯೆಲ್ಲ ತಣ್ಣಗಾದ ಅರ್ಧ ಟನ್ ಕಬ್ಬಿಣ, ಬಿಸಿಲೇರಿ ಬೆಚ್ಚನೆಯ ಒದ್ದೆ ಗಾಳಿ ಒಳಗೆ ಬಂದಾಗಲೂ ತಣ್ಣಗೇ ಇರುತ್ತದೆ, ಅದರ ಮೈಮೇಲೆ ನೀರು ಹನಿಗಟ್ಟುತ್ತದೆ. ಯಂತ್ರವನ್ನು ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗೆ ಇಟ್ಟರೆ ಈ ತೊಂದರೆ ಇಲ್ಲ. ಬೆಡ್‌ನ ಕೆಳಗೆ ಒಂದು 60 ವ್ಯಾಟ್‌ನ ಹಳೆಯ ಬಲ್ಬು ಉರಿಯುತ್ತದೆ, ಮೇಲೆ ಹತ್ತಿಯ ಹೊದಿಕೆ. ಪ್ಲಾಸ್ಟಿಕ್ ಹಾಳೆ ಹೊದೆಸಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ. ಕೆಲಸ ಮುಗಿದ ಮೇಲೆ ಬರಿಗೈ ತಾಗಿದ ಕಡೆಯೆಲ್ಲ ಎಣ್ಣೆಬಟ್ಟೆ ಆಡಿಸಬೇಕು, ಬೆವರಿನ ಉಪ್ಪು ಒಂದೇ ರಾತ್ರಿಯಲ್ಲಿ ಬೆರಳಿನ ಗುರುತು ಮೂಡಿಸುತ್ತದೆ. ಇದನ್ನೆಲ್ಲ ನಾನು ಹೇಳತೊಡಗಿದಾಗ ಮಾವ, "ಕೋವಿ ಇರುವ ಮನೆಯಲ್ಲಿ ಇದು ಗೊತ್ತಿಲ್ಲದ ಮಕ್ಕಳಿಲ್ಲ" ಎಂದರು. ಸೆಪ್ಟೆಂಬರ್‌ನಲ್ಲಿ ಕೊಡವರು ಆಯುಧ ಪೂಜಿಸುವ ಕೈಲ್ ಮುಹೂರ್ತದ ದಿನ ಅವರ ಮನೆಯ ಕೋವಿಗೆ ಏರಿಸಿದ ತೋಕ್ ಪೂ ಎಂಬ ಹೂವಿನಲ್ಲಿ ಒಂದನ್ನು ತಂದು ನಮ್ಮ ಟೂಲ್ ಪೋಸ್ಟ್‌ಗೂ ಸಿಕ್ಕಿಸಿ ಹೋದರು.

ಮಳೆಗಿಂತ ದೊಡ್ಡ ಶತ್ರು ತೋಟದ ಗೋದಾಮಿನಲ್ಲಿದೆ. ಪೊಟ್ಯಾಷ್ ಗೊಬ್ಬರ ಎಂದರೆ ಕ್ಲೋರೈಡ್ ಉಪ್ಪು, ಅದರ ಧೂಳು ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಕೊಳೆರೋಗಕ್ಕೆ, ಕರಿಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಮಾಡಲು ತರುವ ಮೈಲುತುತ್ತ ಇನ್ನೂ ಮೋಸದ್ದು: ಒದ್ದೆ ಕಬ್ಬಿಣಕ್ಕೆ ಅದು ತಾಗಿದರೆ ತಾಮ್ರ ಅಲ್ಲಿ ಕೂತು, ಅಷ್ಟು ಕಬ್ಬಿಣ ಕರಗಿ ಹೋಗುತ್ತದೆ. ಎರಡನ್ನೂ ಕಣದ ಆಚೆಯ ಕೋಣೆಗೆ ಸಾಗಿಸಿದೆ. ಆದರೆ ಮೈಲುತುತ್ತದ ನೀರಿನ ಒಂದು ಸಣ್ಣ ಶೀಶೆ ಮಾತ್ರ ಮಾವನ ಒತ್ತಾಯದಿಂದ ಲೇತ್‌ನ ಪಕ್ಕದ ಕಪಾಟಿನಲ್ಲೇ ಉಳಿದಿದೆ. ಉಜ್ಜಿದ ಉಕ್ಕಿನ ಮೇಲೆ ಅದನ್ನು ಸವರಿದರೆ ತೆಳ್ಳನೆಯ ತಾಮ್ರದ ಪದರ ಮೂಡುತ್ತದೆ. ಆ ಕೆಂಪಿನ ಮೇಲೆ ಸೂಜಿಮೊನೆಯಲ್ಲಿ ಎಳೆದ ಗೆರೆ ಎಂಥ ಮಂದ ಬೆಳಕಿನಲ್ಲೂ ಕಾಣುತ್ತದೆ. ಬಣ್ಣದ ಡಬ್ಬಿಗಳು ಬರುವ ಮುಂಚೆ ವರ್ಕ್‌ಶಾಪ್‌ಗಳಲ್ಲಿ ಗುರುತು ಹಾಕುತ್ತಿದ್ದುದು ಹೀಗೆ.

ಬುಷ್ ಕಡೆಯುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅದಕ್ಕೆ ಬಳಸುವ ಗನ್‌ಮೆಟಲ್ ಎಂಬ ಕಂಚು ಮೃದು, ಸದ್ದಿಲ್ಲದೆ ಪುಡಿಯಾಗಿ ಉದುರುತ್ತದೆ. ತೊಡಕು ಬಂದದ್ದು ಪಲ್ಪರ್‌ನ ಬೋಲ್ಟಿನಲ್ಲಿ. ಇಂಗ್ಲಿಷರ ಕಾಲದ ಆ ಯಂತ್ರದ ಮರೆಗಳೆಲ್ಲ, ಅಂದರೆ ಬೋಲ್ಟ್, ನಟ್‌ಗಳ ತಿರುಪಿನ ಸುತ್ತುಗಳೆಲ್ಲ, ಇಂಚಿನ ಲೆಕ್ಕದ ವಿಟ್‌ವರ್ತ್ ಮರೆಗಳು. ಅವುಗಳ ಕೋನ 55 ಡಿಗ್ರಿ, ಈಗಿನ ಮೆಟ್ರಿಕ್ ಬೋಲ್ಟಿನದು 60. ಅಂಗಡಿಯ ನಟ್ ಎರಡು ಸುತ್ತು ಹೋಗಿ ಹಲ್ಲು ಕಚ್ಚಿ ನಿಲ್ಲುತ್ತದೆ. ನನ್ನ ಲೇತ್‌ನ ಲೀಡ್ ಸ್ಕ್ರೂ ಮೆಟ್ರಿಕ್. ಒಂದು ಇಂಚು 25.4 ಮಿ.ಮೀ. ಆದ್ದರಿಂದ, ಆ ದಶಮಾಂಶ ಕಳೆದುಕೊಳ್ಳಲು ಅದನ್ನು ಐದರಿಂದ ಗುಣಿಸಿದರೆ ಬರುವ 127 ಹಲ್ಲಿನ ಒಂದು ಗೇರ್ ಬೇಕು. ಯಂತ್ರದ ಜೊತೆ ಬಂದ ಪೆಟ್ಟಿಗೆಯ ತಳದಲ್ಲಿ ಅದು ಕಾಗದ ಸುತ್ತಿಕೊಂಡು ಕೂತಿತ್ತು. ಹಾಗೆ ಇಂಚಿನ ಮರೆ ಕತ್ತರಿಸುವಾಗ ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ಹಾಫ್ ನಟ್ ಬಿಡಿಸಬಾರದು, ಬಿಡಿಸಿದರೆ ಟೂಲ್ ಮತ್ತೆ ಅದೇ ದಾರಿಗೆ ಬೀಳುವ ಭರವಸೆ ಇಲ್ಲ. ಟೂಲ್ ಹಿಂದೆಳೆದು, ಮೋಟಾರು ಹಿಮ್ಮುಖ ತಿರುಗಿಸಿ, ಶುರುವಿಗೆ ಬಂದು, ಮತ್ತೆ ಮುಂದೆ. ನಿಧಾನದ ಕೆಲಸ, ಆದರೆ ನಟ್ ತಾನಾಗಿ ಕೈಯಲ್ಲೇ ತಿರುಗಿ ಒಳಗೆ ಹೋದಾಗ ಮಾವನ ಮುಖ ನೋಡಬೇಕಿತ್ತು.

ಸುದ್ದಿ ಹರಡಿದೆ. ಪಕ್ಕದ ತೋಟದ ಪಂಪಿನ ಶಾಫ್ಟ್, ಯಾರದೋ ಮೆಣಸು ಬಿಡಿಸುವ ಯಂತ್ರದ ಪುಲ್ಲಿ ಶೆಡ್ಡಿನ ಬಾಗಿಲಿಗೆ ಬರತೊಡಗಿವೆ. ಬರುವವರಿಗೆ ಒಂದೇ ಷರತ್ತು ಹಾಕಿದ್ದೇನೆ: ಹಳೆಯ ಭಾಗ ಎಷ್ಟೇ ಸವೆದಿರಲಿ, ಗುಜರಿಗೆ ಹಾಕದೆ ತರಬೇಕು. ಬೇರಿಂಗ್ ಕೂರದ, ಸೀಲ್ ಉಜ್ಜದ ಒಂದು ಅಂಚು ಅದರಲ್ಲಿ ಎಲ್ಲಾದರೂ ಉಳಿದಿರುತ್ತದೆ, ಅಳತೆ ತೆಗೆದುಕೊಳ್ಳುವುದು ಅಲ್ಲಿಂದ. ಮೊಬೈಲಿನಲ್ಲಿ ಫೋಟೊ ಕಳಿಸಿ "ಇಷ್ಟು ದಪ್ಪ ಇತ್ತು" ಎನ್ನುವವರಿಗೆ ಗೋಣಿಕೊಪ್ಪದ ದಾರಿ ತೋರಿಸುತ್ತೇನೆ.